ಬಿದ್ದಾಗ ಕೇಳಿಸುವುದು

ನಮ್ಮ ಅಣ್ಣ ಗುರಪ್ಪನ ಮಗಳು ಜಯಮಾಲಾಗೆ ಸಮಾಧಿಸ್ಥಿತಿ ಬರುತ್ತದೆಂದು ನಮ್ಮೂರು ಹೊರ್ತಿಯಲ್ಲಿ ಸುದ್ದಿಯಾದದ್ದು ೧೯೯೭ರ ದೀಪಾವಳಿಯ ಹೊತ್ತಿಗೆ. ಸೋಮವಾರ ಸಂಜೆಯ ಭಜನೆಯಲ್ಲಿ ತಾಳ ಏರುತ್ತಿದ್ದಂತೆ ಹುಡುಗಿಯ ಗದ್ದ ಜೋಲುತ್ತಿತ್ತು, ಮೊಣಕಾಲು ಸಡಿಲಾಗುತ್ತಿತ್ತು, ನಿಂತಲ್ಲೇ ಕುಸಿಯುತ್ತಿದ್ದಳು. ಒಂದೆರಡು ನಿಮಿಷ ಬೆರಳೂ ಅಲುಗುತ್ತಿರಲಿಲ್ಲ. ಎದ್ದ ಮೇಲೆ, ಆ ಹೊತ್ತಿನಲ್ಲಿ ಯಾರು ಯಾರ ಕಿವಿಯಲ್ಲಿ ಏನು ಪಿಸುಗುಟ್ಟಿದರೆಂದು ಹೇಳಿಬಿಡುತ್ತಿದ್ದಳು. ಜನಕ್ಕೆ ಇನ್ನೇನು ಬೇಕು? ಕಾಯಿ, ಕರ್ಪೂರ ಹಿಡಿದು ಬಂದರು. ಎಲ್ಲರಿಗಿಂತ ಮೊದಲು ಅವಳ ಕಾಲಿಗೆ ಬಿದ್ದವಳು ಅವಳ ಅಜ್ಜಿ, ಅಂದರೆ ನಮ್ಮ ಅವ್ವ ಹೊನ್ನವ್ವ.

ನಾನು ಹತ್ತಿರದ ಇಂಡಿ ಪಟ್ಟಣದಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಜಯಮಾಲಾ ನನ್ನ ಹತ್ತನೇ ತರಗತಿಯಲ್ಲೇ ಇದ್ದಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಪಾಠದ ನಡುವೆ ನಿದ್ದೆ ಹೋಗುತ್ತಾಳೆಂದು ಎಲ್ಲರೆದುರು ಅವಳಿಗೆ ಬೆತ್ತದ ರುಚಿ ತೋರಿಸಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಬರೋ ಸೋಮವಾರ ಗದ್ದಿಗಿ ಮ್ಯಾಲ ಕುಂದರಸ್ತೇವಿ," ಎಂದ ಅಣ್ಣ. "ಇನ್ನ ಸಾಲಿ ಸಾಕು. ಶರಣಿ ಆದಾಕಿ ಬೆಂಚಿನ ಮ್ಯಾಲ ಕುಂತ್ರ ಚಂದ ಕಾಣಂಗಿಲ್ಲ."

ಗದ್ದುಗೆಗೆ ಆಗಲೇ ಬಡಿಗ ಹಲಗೆ ಕೊಯ್ಯುತ್ತಿದ್ದ. ಹುಡುಗಿ ಹಿತ್ತಲಲ್ಲಿ ನನ್ನ ಅಂಗಿಯ ತೋಳು ಹಿಡಿದಳು.

"ಕಾಕಾ, ನಾ ಪರೀಕ್ಷಾ ಬರೀಬೇಕ್ರಿ. ಅಪ್ಪಗ ಹೇಳ್ರಿ."

ಅಣ್ಣನಿಗೆ ಹೇಳಿ ಪ್ರಯೋಜನವಿರಲಿಲ್ಲ. ಚಸ್ಮಾ ಮಾಡಿಸುತ್ತೇನೆಂದು ಸುಳ್ಳು ಹೇಳಿ ಅವಳನ್ನು ಕರೆದುಕೊಂಡು ಸೊಲ್ಲಾಪುರದ ಬಸ್ಸು ಹತ್ತಿದೆ. ಅಲ್ಲಿನ ನರರೋಗದ ಡಾಕ್ಟರು ದೇವರ ಸುದ್ದಿಯನ್ನೇ ತೆಗೆಯಲಿಲ್ಲ.

"ನಕ್ಕಾಗಲೂ ಬೀಳ್ತೀಯಾ?" ಎಂದು ಕೇಳಿದರು.

"ಹೌದ್ರಿ. ಅದಕ್ಕ ಗೆಳತ್ಯಾರ ಜೋಡಿ ನಗೂದು ಬಿಟ್ಟೇನಿ."

ಒಂದೇ ಮನೆಯವನಾಗಿ, ಮೇಲೆ ಅವಳ ಮಾಸ್ತರನಾಗಿಯೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಡಾಕ್ಟರು ತಿಳಿಸಿ ಹೇಳಿದರು. ಕನಸು ಬೀಳುವಾಗ ನಾವು ಎದ್ದು ಓಡದಂತೆ ಮಿದುಳು ಕೈಕಾಲುಗಳಿಗೆ ಬೀಗ ಹಾಕುತ್ತದೆ. ಇವಳಿಗೆ ನಗು, ಅಂಜಿಕೆ, ಭಕ್ತಿ ಯಾವುದು ಉಕ್ಕಿದರೂ ಎಚ್ಚರದಲ್ಲೇ ಆ ಬೀಗ ಬೀಳುತ್ತದೆ. ಪಾಠದ ನಡುವಿನ ನಿದ್ದೆಯೂ ಇದೇ ರೋಗದ್ದು. ಮಲಗುವ ಹೊತ್ತಿಗೆ ಬಾಗಿಲಲ್ಲಿ ಬಿಳಿ ಪಂಚೆಯ ಮುದುಕ ಕಾಣುತ್ತಾನೆಂದು ಅವಳು ಹೇಳುತ್ತಿದ್ದಳು. ಅವ್ವ ಅವನನ್ನು ಮಠದ ಸ್ವಾಮಿ ಅಜ್ಜನನ್ನಾಗಿ ಮಾಡಿಟ್ಟಿದ್ದಳು. ಅದೂ ಕನಸೇ, ನಿದ್ದೆಗಿಂತ ಒಂದು ಹೆಜ್ಜೆ ಮುಂದೆ ಬಂದದ್ದು. ಗುಳಿಗೆ ಬರೆದುಕೊಟ್ಟರು. ಗುಣ ಕಾಣಲು ಕೆಲವು ವಾರ ಬೇಕು, ಮಧ್ಯಾಹ್ನ ಸ್ವಲ್ಪ ಮಲಗಲಿ, ಪರೀಕ್ಷೆ ಧಾರಾಳವಾಗಿ ಬರೆಯಬಹುದು ಎಂದರು.

ಚೀಟಿ ತೋರಿಸಿದ್ದಕ್ಕೆ ಅಣ್ಣ ಕೆಂಡವಾದ. "ದೇವರಿಗಿ ಗುಳಿಗಿ ನುಂಗಸ್ತಿಯೇನೋ?"

ಸೋಮವಾರ ಅಂಗಳ ತುಂಬ ಜನ. ಹೊಸ ಗದ್ದುಗೆಗೆ ಕೆಂಪು ಬಟ್ಟೆ ಹಾಸಿತ್ತು. ಜಯಮಾಲಾ ಅದನ್ನು ಹತ್ತಲಿಲ್ಲ. ಅದರ ಮುಂದೆ ನಿಂತು ಅವ್ವನ ಕಡೆ ತಿರುಗಿದಳು.

"ಆಯಿ, ನನಗ ದೇವರು ಬರಂಗಿಲ್ಲ. ಬಿದ್ದಾಗ ಎಲ್ಲಾ ಕೇಳಸ್ತೈತಿ, ಅದಕ್ಕ ಹೇಳ್ತೇನಿ. ಒದರಬೇಕಂದ್ರ ಬಾಯಿ ಏಳಂಗಿಲ್ಲ. ನೀವು ಕಾಲು ಹಿಡದಾಗ ಭಾಳ ಅಂಜಿಕಿ ಬರ್ತೈತಿ. ನಾ ಸಾಲಿಗಿ..."

ಅಷ್ಟರಲ್ಲೇ ಮಾತು ತೊದಲಿತು, ಗದ್ದ ಜೋತಿತು, ಹುಡುಗಿ ನೆಲಕ್ಕೆ ಕುಸಿದಳು. ಅಂಗಳವೆಲ್ಲ ಕೈ ಮುಗಿಯಿತು. "ತಾಯಿ ನಮ್ಮನ್ನ ಪರೀಕ್ಷಾ ಮಾಡಾಕತ್ತಾಳ," ಎಂದರು ಯಾರೋ. ಅಣ್ಣ ಕರ್ಪೂರ ಹಚ್ಚಿದ. ನಾನು ಬಾಯಿ ತೆರೆದೆ. ನನ್ನ ವಿಜ್ಞಾನ ಆ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ.

ಅವ್ವ ಎದ್ದಳು. ಎಂದಿನಂತೆ ಕಾಲಿಗೆ ಬೀಳುತ್ತಾಳೆಂದು ಜನ ದಾರಿ ಬಿಟ್ಟರು. ಅವಳು ಮೊಮ್ಮಗಳ ತಲೆಯ ಕಡೆ ಹೋಗಿ ಕುಳಿತಳು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೈಯ ಕೆಳಗೆ ಸಿಕ್ಕಿದ್ದ ಕೈ ಬಿಡಿಸಿ, ಸೆರಗಿನಿಂದ ಬಾಯಿಯ ಜೊಲ್ಲು ಒರೆಸಿದಳು. ಆಮೇಲೆ ಕಿವಿಯ ಹತ್ತಿರ ಬಾಗಿದಳು.

"ಕೇಳಸ್ತೈತಲ್ಲ? ಇಷ್ಟ ದಿನಾ ನೀ ಅಂಜಿ ಬಿದ್ದಿದ್ದಿ, ನಾ ನಿನ್ನ ಕಾಲು ಹಿಡಕೊಂಡು ಕುಂತಿದ್ನಿ. ನಾಳಿ ಸಾಲಿಗಿ ಹೋಗವ್ವ. ಬಸ್ಸಿನ ತನಕಾ ನಾ ಬರ್ತೇನಿ."

ಹುಡುಗಿಯ ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ಕರ್ಪೂರದ ತಟ್ಟೆ ಹಿಡಿದು ನಿಂತಿದ್ದ ಮಗನನ್ನು ಅವ್ವ ತಲೆಯೆತ್ತಿ ನೋಡಿದಳು.

"ಗುರಪ್ಪಾ, ಆ ಗದ್ದಿಗಿ ಆಚೀಕ ಸರಸು. ಹುಡುಗಿಗಿ ಕಾಲು ಚಾಚಾಕ ಜಾಗಾ ಇಲ್ಲ."