ಐವತ್ತೇಳರ ಹಟ

ಮೈ ಎನ್ನುವುದು ಕೇಳಿ ಪಡೆದದ್ದಲ್ಲ, ಕೊಡುವವನು ತನ್ನ ಕೈಯಾರೆ ಅಳೆದು ಕೊಟ್ಟದ್ದು. ಅಳತೆ ಒಪ್ಪಿಕೊಳ್ಳಲು ಕೆಲವರಿಗೆ ಕಾಲ ಹಿಡಿಯುತ್ತದೆ. ಕಾಲೇಜಿನ ಕುಸ್ತಿ ತಂಡದ ಆ ಹುಡುಗನಿಗೆ ಎರಡು ವರ್ಷ ಹಿಡಿಯಿತು.

ಎಲ್ಲರೂ ಅವನನ್ನು ಮಿಡತೆ ಎನ್ನುತ್ತಿದ್ದರು. ಎದುರಾಳಿಯ ಕಾಲಿಗೆ ಹಾರಿ ಬೀಳುವ ಅವನ ರೀತಿ ನೋಡಿ ಕೋಚ್ ಇಟ್ಟ ಹೆಸರು ಅದು. ಸೇರಿದಾಗ ಅವನಿಗೆ ಬರುತ್ತಿದ್ದದ್ದು ಆ ಒಂದು ಹಾರಾಟವೇ. ಬರಬರುತ್ತ, ಕೆಳಗೆ ಬಿದ್ದರೂ ಸೊಂಟ ತಿರುಗಿಸಿ ಏಳುವುದನ್ನು ಕಲಿತ, ಸಿಕ್ಕ ಮಣಿಕಟ್ಟನ್ನು ಬಿಡದೆ ಹೊತ್ತು ಕಾಯುವುದನ್ನೂ ಕಲಿತ. ಆದರೆ ಅವನು ಆಡುತ್ತಿದ್ದದ್ದು ಐವತ್ತೇಳು ಕಿಲೋ ವಿಭಾಗದಲ್ಲಿ, ಹೊಟ್ಟೆ ತುಂಬ ಉಂಡಾಗ ಅವನ ಮೈ ತೂಗುತ್ತಿದ್ದದ್ದು ಅರವತ್ನಾಲ್ಕು. ಪಂದ್ಯಗಳ ಕಾಲ ಬಂತೆಂದರೆ ತಿಂಗಳುಗಟ್ಟಲೆ ಅರೆಹೊಟ್ಟೆ. ತೂಕ ಹಾಕುವ ಹಿಂದಿನ ದಿನ ನೀರೂ ಇಲ್ಲ. ಪ್ಲಾಸ್ಟಿಕ್ ಕೋಟು ತೊಟ್ಟು ಓಡಿ ಬೆವರು ಬಸಿಯುತ್ತಿದ್ದ.

"ಮೊದಲ ಮೂರು ನಿಮಿಷ ನೀನು ಹುಲಿ, ಆಮೇಲೆ ಹಿಂಡಿದ ಬಟ್ಟೆ," ಎನ್ನುತ್ತಿದ್ದರು ಕೋಚ್. "ಅರವತ್ತೈದಕ್ಕೆ ಬಾರೋ."

"ಅಲ್ಲಿರೋರೆಲ್ಲ ಗೂಳಿಗಳು ಸಾರ್. ಐವತ್ತೇಳರಲ್ಲಾದ್ರೆ ಪದಕ ಗ್ಯಾರಂಟಿ."

"ಗ್ಯಾರಂಟಿ ಕೊಡೋಕೆ ನೀನೇನು ಪ್ರೆಶರ್ ಕುಕ್ಕರೇನೋ?"

ತಂಡದವರೆಲ್ಲ ನಕ್ಕರು. ಅವನೂ ನಕ್ಕ. ಹಟ ಮಾತ್ರ ಬಿಡಲಿಲ್ಲ.

ಮನೆಯಲ್ಲಿ ಇದ್ದವಳು ಅಕ್ಕ ಒಬ್ಬಳೇ. ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕದ ಹಾಳೆಗಳನ್ನು ದಬ್ಬಣದಿಂದ ಚುಚ್ಚಿ ಹೊಲಿಯುವ ಕೆಲಸ ಅವಳದು. ಅವಳ ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು. ತಾಯಿ ಕಣ್ಣು ಮುಚ್ಚುವಾಗ ಅವಳಿಗೆ ಹದಿನಾರು, ಇವನಿಗೆ ಒಂಬತ್ತು. "ಒಬ್ಬರನ್ನ ಬಿಟ್ಟು ಒಬ್ಬರು ಉಣ್ಣಬೇಡಿ. ಇದ್ದಷ್ಟನ್ನ ಸಮನಾಗಿ ಹಂಚ್ಕೊಳ್ಳಿ," ಎಂದಿದ್ದಳು ಆ ತಾಯಿ. ಇಬ್ಬರಲ್ಲಿ ಒಂದು ಜೀವವೂ ಹಸಿದು ಮಲಗದಿರಲಿ ಎಂದು ಆಡಿದ ಮಾತು. ಅಕ್ಕ ಅದನ್ನು ದೇವರ ಮುಂದಿನ ದೀಪದಂತೆ ಕಾಪಾಡಿಕೊಂಡು ಬಂದಳು. ಇವನು ಎಷ್ಟು ಬಡಿಸಿಕೊಂಡರೆ ಅವಳೂ ಅಷ್ಟೇ, ಇವನು ಎದ್ದರೆ ಅವಳೂ ಎದ್ದಳು.

ಅವಳ ಹೃದಯದ ಕವಾಟ ಚಿಕ್ಕಂದಿನಿಂದಲೂ ಸೋರುತ್ತಿತ್ತು. ಆಪರೇಷನ್ ಮಾಡಬಹುದು, ಆದರೆ ನಲವತ್ತೈದು ಕಿಲೋ ಆಗಬೇಕು, ಇಲ್ಲದಿದ್ದರೆ ಮೈ ತಡೆಯದು ಎಂದು ಇವನು ಕುಸ್ತಿಗೆ ಸೇರಿದ ವರ್ಷ ಡಾಕ್ಟರು ಹೇಳಿ ಕಳಿಸಿದ್ದರು. ಆಗ ಅವಳು ನಲವತ್ತೆರಡು ಕಿಲೋ ಇದ್ದಳು. ಮೂರು ಕಿಲೋ ಏನು ಮಹಾ ಎಂದು ಇಬ್ಬರೂ ನಿರಾಳವಾಗಿದ್ದರು.

"ನೀನು ಸರಿಯಾಗಿ ತಿಂತಿದ್ದೀಯ ತಾನೆ?" ಎಂದು ಕೇಳುತ್ತಿದ್ದ, ಮುಂದೆ ಅರ್ಧ ಬಟ್ಟಲು ಗಂಜಿ ಇಟ್ಟುಕೊಂಡು.

"ಮಧ್ಯಾಹ್ನ ಅಂಗಡಿಯಲ್ಲಿ ಹೊಟ್ಟೆ ಬಿರಿಯೋ ಹಾಗೆ ತಿಂದಿರ್ತೀನಪ್ಪ. ನಿನ್ನ ಕುಸ್ತಿ ನೀನು ನೋಡ್ಕೊ, ದೊಡ್ಡ ಮನುಷ್ಯ," ಎನ್ನುತ್ತಿದ್ದಳು. ಅವಳ ಮುಂದೆಯೂ ಅರ್ಧ ಬಟ್ಟಲೇ.

ಅಂತರ ಕಾಲೇಜು ಪಂದ್ಯಕ್ಕೆ ಒಂದೂವರೆ ತಿಂಗಳಿರುವಾಗ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ತೂಕದ ಯಂತ್ರದ ಮೇಲೆ ನಿಲ್ಲಿಸುವ ಮೊದಲು ನರ್ಸ್ ಸ್ವೆಟರ್ ಬಿಚ್ಚಿಸಿದಳು. ಒಳಗೆ ಇನ್ನೊಂದು ಸ್ವೆಟರ್ ಇತ್ತು. ಅದನ್ನೂ ಬಿಚ್ಚಿಸಿದಳು. ಮುಳ್ಳು ಮೂವತ್ತೆಂಟರ ಮೇಲೆ ನಿಂತಿತು.

ಅವನು ಎರಡು ವರ್ಷ ದಿನಕ್ಕೆ ಮೂರು ಬಾರಿ ತೂಕದ ಮುಳ್ಳನ್ನು ನೋಡಿದವನು. ಆ ಹೊತ್ತಿನವರೆಗೆ ಅಕ್ಕನ ಭುಜದ ಮೂಳೆ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದ: "ಅಂಗಡಿಯಲ್ಲಿ ತಿಂತೀನಿ ಅಂದಿದ್ದೆಯಲ್ಲೇ?"

"ಕೂತ್ಕೋತಿದ್ದೆ ಕಣೋ. ತುತ್ತು ಇಳೀತಿರಲಿಲ್ಲ. ಒಬ್ಬಳೇ ಉಂಡು ಅಭ್ಯಾಸ ಇಲ್ಲ ನನಗೆ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಉಂಡುಬಿಡ್ತಿದ್ದೆ," ಎಂದಳು ಅಕ್ಕ. "ನಿನ್ನ ಐವತ್ತೇಳು ಏನಾಗಬೇಕಿತ್ತು?"

ಮರುದಿನ ಬೆಳಿಗ್ಗೆ ಅವನು ಕೋಚ್ ಮುಂದೆ ನಿಂತು ತನ್ನ ಹೆಸರನ್ನು ಅರವತ್ತೈದಕ್ಕೆ ಬರೆಯಲು ಹೇಳಿದ. ಅವರು ಕಾರಣ ಕೇಳಲಿಲ್ಲ. ಬುದ್ಧಿ ಬಂತೆಂದುಕೊಂಡರು.

ಆಮೇಲೆ ಆ ಮನೆಯ ಒಲೆ ಹೊತ್ತು ಹೊತ್ತಿಗೂ ಉರಿಯಿತು. ಮೊಟ್ಟೆ, ಬೇಳೆ, ಹಾಲು. ಇವನು ಒಂದು ಬಟ್ಟಲು ಮುಗಿಸಿ ಎರಡನೆಯದಕ್ಕೆ ಕೈ ಚಾಚುತ್ತಿದ್ದ. ತಾನು ಉಂಡರೆ ಅವಳು ಉಂಡಾಳು ಎಂಬ ಆಸೆ. "ಅಯ್ಯೋ, ಬಕಾಸುರನ ಜೊತೆ ಪಂಕ್ತಿಗೆ ಕೂತ ಹಾಗಾಯ್ತಲ್ಲೋ," ಎಂದು ನಗುತ್ತ ಅವಳೂ ಎತ್ತಿಕೊಳ್ಳುತ್ತಿದ್ದಳು. ನಾಲ್ಕು ತುತ್ತಿಗೆ ಏದುಸಿರು ಬರುತ್ತಿತ್ತು. ಬರಿದಾದ ಮೈ ಉಣ್ಣುವುದನ್ನೇ ಮರೆತಿತ್ತು. ಮೂರು ವಾರಕ್ಕೆ ಇವನು ಆರು ಕಿಲೋ ಏರಿದ, ಅವಳು ಒಂದು. ಆ ಒಂದು ಕಿಲೋವನ್ನು ಇಬ್ಬರೂ ಗೆದ್ದ ಪದಕದಂತೆ ಕೊಂಡಾಡಿದರು. ನಾಲ್ಕನೆಯ ವಾರ ಅವಳಿಗೆ ಜ್ವರ ಬಂತು. ಐದು ದಿನದ ಜ್ವರ. ಆರನೆಯ ದಿನ ಬೆಳಗಿನ ಬಿಸಿಲಿನಲ್ಲಿ, ಅವನ ಕೈ ಹಿಡಿದುಕೊಂಡೇ, ಕೊಟ್ಟವನು ಕರೆದಲ್ಲಿಗೆ ಹೋದಳು.

ಪಂದ್ಯಕ್ಕೆ ಹೋಗಲಾರೆ ಎಂದಿದ್ದ. ಅಂಗಡಿಯ ಯಜಮಾನರೇ ಮನೆಗೆ ಬಂದು, "ಹೋಗಪ್ಪ. ಹೊಲಿಯುವಾಗೆಲ್ಲ ನಿನ್ನ ಪಂದ್ಯದ ಮಾತೇ ಆಡ್ತಿದ್ದಳು," ಎಂದು ಬಸ್ಸು ಹತ್ತಿಸಿದರು.

ಎದುರಿಗೆ ನಿಂತವನು ಹೋದ ವರ್ಷದ ಚಾಂಪಿಯನ್. ಮೊದಲ ಮೂರು ನಿಮಿಷ ಇವನು ಹಿಂದೆ ಬಿದ್ದ. ಎರಡನೆಯ ಮೂರು ನಿಮಿಷದಲ್ಲಿ, ಯಾವಾಗಲೂ ಕಾಲು ಸೋಲುತ್ತಿದ್ದ ಆ ಹೊತ್ತಿನಲ್ಲಿ, ಕಾಲು ಸೋಲಲಿಲ್ಲ. ಉಸಿರು ತುಂಬಿ ತುಂಬಿ ಬಂತು. ಮೇಲಿಂದ ಮೇಲೆ ಎದ್ದ, ಸೊಂಟ ಹಿಡಿದು ಕೆಡವಿದ. ಸೀಟಿ ಊದಿದಾಗ ಆರಕ್ಕೆ ಐದು. ಸೋತಿದ್ದ, ಆದರೆ ನಿಂತೇ ಇದ್ದ. ಜನ ಚಪ್ಪಾಳೆ ತಟ್ಟಿದ್ದು ಸೋತವನಿಗೆ.

ಕೋಚ್ ಓಡಿಬಂದು ಅವನ ಎರಡೂ ಭುಜ ಹಿಡಿದು ಅಲುಗಿಸಿದರು. ಆಪರೇಷನ್ನಿನ ಮಾತಾಗಲಿ, ಅರ್ಧ ಬಟ್ಟಲಿನ ಮಾತಾಗಲಿ ಅವರಿಗೆ ಗೊತ್ತಿರಲಿಲ್ಲ. ಅಕ್ಕ ತೀರಿಕೊಂಡಳೆಂದಷ್ಟೇ ತಿಳಿದಿದ್ದರು.

"ನೋಡಿದ್ಯೇನೋ! ಇದು ಕಣೋ ನಿನ್ನ ತೂಕ. ಎರಡು ವರ್ಷ ಮೊದಲೇ ಬಂದಿದ್ರೆ ಎಲ್ಲಿರ್ತಿದ್ದೆ ಗೊತ್ತಾ?"

"ಗೊತ್ತು ಸಾರ್," ಎಂದ ಅವನು.

ಭುಜದ ಮೇಲಿದ್ದ ಅವರ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಮುಖ ತೊಳೆಯಲು ನಲ್ಲಿಯತ್ತ ನಡೆದ. ಬಹಳ ಹೊತ್ತು ತೊಳೆದ.