ಪರಮಶಿವಯ್ಯನವರ ಮನೆಯ ಕಾಫಿ

೧೯೪೧ರಲ್ಲಿ ಗುರುಸಿದ್ದಮ್ಮ ಅರಕಲಗೂಡಿನ ಹತ್ತಿರದ ಹಳ್ಳಿಯೊಂದಕ್ಕೆ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯಾಗಿ ಬಂದಳು. ಇಪ್ಪತ್ತಾರು ವಯಸ್ಸು. ಗಂಡ ಪ್ಲೇಗಿಗೆ ಸತ್ತ ಮೇಲೆ, ಯಾರ ಹಂಗೂ ಬೇಡವೆಂದು ಹಾಸನದಲ್ಲಿ ಓದಿ ಈ ಕೆಲಸ ಹಿಡಿದಿದ್ದಳು.

ಶಾಲೆಯ ಕಮಿಟಿಗೆ ಹೊಗೆಸೊಪ್ಪಿನ ವ್ಯಾಪಾರಿ ಪರಮಶಿವಯ್ಯ ಅಧ್ಯಕ್ಷ. ಐವತ್ತು ದಾಟಿದವನು, ಹಣೆ ತುಂಬ ವಿಭೂತಿ. ಅವಳನ್ನು ‘ಮಗಾ’ ಎಂದೇ ಕರೆಯುತ್ತಿದ್ದ. ಒಂದು ಶನಿವಾರ ಮಧ್ಯಾಹ್ನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಲು ಅವಳು ಅವನ ಮನೆಗೆ ಹೋದಳು. ಅವನ ಹೆಂಡತಿ ದಾಕ್ಷಾಯಣಮ್ಮ ಕಾಫಿ ತಂದಿಟ್ಟು, ತಲೆ ಎತ್ತದೆ ಒಳಗೆ ಹೋದಳು. ಕಾಫಿ ಕಹಿಯಾಗಿತ್ತು.

“ಯುದ್ಧದ ಕಾಲ ಕಣವ್ವ, ಸಕ್ರೆ ಎಲ್ಲೈತೆ? ಕುಡ್ಕೋ,” ಎಂದ ಪರಮಶಿವಯ್ಯ.

ದೊಡ್ಡವರ ಮಾತು ಮೀರಲಾರದೆ ಕುಡಿದಳು.

ಆಮೇಲಿನದು ಅವಳಿಗೆ ಚೂರುಚೂರಾಗಿ ಮಾತ್ರ ನೆನಪಿದೆ. ಗೋಡೆಗಳು ಅಲುಗಿದವು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು, ಕೂಗಲಾಗಲಿಲ್ಲ. ಬಾಗಿಲು ಮುಚ್ಚಿದ ಸದ್ದು. ಮರುದಿನ ಬೆಳಗ್ಗೆ ಎಚ್ಚರವಾದಾಗ ತನ್ನ ಬಾಡಿಗೆ ಮನೆಯ ಜಗಲಿಯ ಮೇಲಿದ್ದಳು. ಸೀರೆ ಬೇರೆ ಯಾರೋ ಉಡಿಸಿದಂತಿತ್ತು. ಏನಾಯಿತೆಂದು ಮೈಯ ನೋವೇ ಹೇಳಿತು.

ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ಪರಿಚಯದ ಮುದುಕ ಡಾಕ್ಟರರಿಗೆ ತೋರಿಸಿದಳು. ಅವರು ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ಅಗಲವಾಗಿದ್ದ ಕಣ್ಣಪಾಪೆಗಳನ್ನು ನೋಡಿದರು.

“ಉಮ್ಮತ್ತಿ ಬೀಜ ಹಾಕವ್ರೆ ಕಣಮ್ಮ. ದಾರಿಗಳ್ಳರು ಮತ್ತು ಬರ್ಸೋಕೆ ಹಾಕೋದು ಇದನ್ನೇ.”

“ಅದನ್ನೇ ಬರ್ದು ಕೊಡಿ ಸಾ.”

“ಬರೆದ್ರೆ ಕೋರ್ಟಲ್ಲಿ ಮಾನ ಓಗೋದು ನಿಂದೇ,” ಎಂದು ಅವರು ಕನ್ನಡಕ ಒರೆಸಿಕೊಂಡರು. ಬರೆಯಲಿಲ್ಲ.

ಪೊಲೀಸ್ ಠಾಣೆಗೆ ಹೋದಾಗ ದಫೇದಾರ ಕೇಳಿದ್ದು ಒಂದೇ ಪ್ರಶ್ನೆ: “ನೀನೇ ಕುಡ್ದೆ ಅಂತೀಯ. ಬಾಯಿಗೆ ಯಾರಾದ್ರೂ ಉಯ್ದ್ರಾ?”

ಕೊನೆಗೆ ಅವಳು ಬಾವಿಯ ಹತ್ತಿರ ದಾಕ್ಷಾಯಣಮ್ಮನನ್ನು ಅಡ್ಡಗಟ್ಟಿದಳು. “ನಿಮಗೆ ಗೊತ್ತಿತ್ತು.”

“ಗೊತ್ತಿತ್ತು. ನಿನಗಿಂತ ಮುಂಚೆ ಇನ್ನಿಬ್ರು,” ದಾಕ್ಷಾಯಣಮ್ಮ ಹಗ್ಗ ಸುತ್ತುತ್ತಲೇ ಇದ್ದಳು. “ಹೇಳ್ಬುಟ್ಟು ನಾನೆಲ್ಲಿಗೆ ಓಗ್ಲವ್ವಾ?”

ಹದಿನೈದು ದಿನದಲ್ಲಿ ಕಮಿಟಿಯ ಕಾಗದ ಬಂತು: ನಡತೆ ಸರಿಯಿಲ್ಲದ್ದರಿಂದ ಕೆಲಸದಿಂದ ತೆಗೆದಿದೆ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ಅಣ್ಣ ಪಾಲಾಕ್ಷ ಅವಳನ್ನು ಕರೆದುಕೊಂಡು ಹೋದ. ಹಿತ್ತಿಲಲ್ಲಿ ಕೊಬ್ಬರಿ ಒಣಗಿಸುವ ಕೆಲಸ ಕೊಟ್ಟ. ನೆಂಟರು ಬಂದಾಗ ಅವಳು ಹೊರಗೆ ಬರುವಂತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ, ಹಳೆಯ ಶಿಷ್ಯೆಯೊಬ್ಬಳ ಕಾಗದದಿಂದ, ಶ್ರವಣಬೆಳಗೊಳದ ಕಡೆಯ ಬ್ರಾಹ್ಮಿ ಎಂಬ ಹುಡುಗಿ ಆ ಶಾಲೆಗೆ ಉಪಾಧ್ಯಾಯಿನಿಯಾಗಿ ಇಂಥ ದಿನ ಬರುವಳೆಂದು ತಿಳಿಯಿತು. ಅವಳು ಬಸ್ಸು ಬದಲಿಸುವುದು ಚನ್ನರಾಯಪಟ್ಟಣದಲ್ಲೇ. ಗುರುಸಿದ್ದಮ್ಮ ಆ ದಿನ ಅಣ್ಣನಿಗೆ ಹೇಳದೆ ಬಸ್ ನಿಲ್ದಾಣಕ್ಕೆ ಹೋಗಿ ಅವಳನ್ನು ಹುಡುಕಿ ಹಿಡಿದಳು.

“ಪರಮಶಿವಯ್ಯನ ಮನೇಲಿ ನೀರೂ ಮುಟ್ಬೇಡ ಕಣಮ್ಮ. ನೀನೇ ಸೇದಿದ್ದು, ನೀನೇ ಕಾಸಿದ್ದು ಬಿಟ್ಟು ಏನೂ ಕುಡೀಬೇಡ. ಒಬ್ಳೇ ಓಗ್ಬೇಡ.”

ಬ್ರಾಹ್ಮಿ ಒಂದು ಹೆಜ್ಜೆ ಹಿಂದೆ ಸರಿದಳು. “ನೀವು ಗುರುಸಿದ್ದಮ್ಮ ಅಲ್ವಾ? ತಲೆ ಸರಿಯಿಲ್ಲ, ಏನೇನೋ ಹೇಳ್ತಾರೆ ಅಂತ ಕಮಿಟಿ ಯಜಮಾನ್ರೇ ನಮ್ಮಪ್ಪಂಗೆ ಬರೆದವ್ರೆ.”

“ಇಳ್ಕೊಳ್ಳೋದೆಲ್ಲಿ?”

“ಅವರ ಮನೇಲೇ ಕೋಣೆ ಕೊಟ್ಟವ್ರೆ.”

ಬಸ್ಸು ಹೊರಟಿತು. ಗುರುಸಿದ್ದಮ್ಮ ಕಿಟಕಿಯ ಸರಳು ಹಿಡಿದು ನಾಲ್ಕು ಮಾರು ಓಡಿದಳು. ಬ್ರಾಹ್ಮಿ ಮುಖ ತಿರುಗಿಸಿ ಕುಳಿತಳು.

ಆಮೇಲೆ ಗುರುಸಿದ್ದಮ್ಮ ಅವಳಿಗೆ ಮೂರು ಕಾಗದ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ.