ಕೆಳಗ ಇಳಿ ಬೇ ಎಂದ ದನಿ

ನನಗೆ ಶ್ರುತಿ ತಿಳಿಯದು, ತಾಳ ಬಾರದು. ಇಂಥವಳು ಹಾಡಿನ ಸಂಗತಿ ಹೇಳಲು ಹೊರಟಿದ್ದಕ್ಕೆ ಬಲ್ಲವರು ಕ್ಷಮಿಸಬೇಕು. ಆದರೆ ಅಂದು ಕೊಕಟನೂರಿನ ವರ್ಷದ ಹಾಡಿನ ಕೂಟದಲ್ಲಿ ವೇದಿಕೆಯ ಪಕ್ಕದಲ್ಲೇ ನಾನಿದ್ದೆ. ಪೆಟ್ಟಿಗೆಯೊಂದು ಹಿಮ್ಮೇಳ ಹಾಡಿತು ಎಂದು ಊರವರು ಹೇಳುತ್ತಿರುವುದು ಅರ್ಧ ಮಾತ್ರ ನಿಜ.

ನನ್ನ ಗೆಳತಿ ಶಬಾನಾ ತತ್ವಪದ ಹಾಡುತ್ತಾಳೆ. ನಮ್ಮ ಕಡೆ ಮುಂದೆ ನಿಂತವರು ನುಡಿ ಹಾಡಿದರೆ ಹಿಮ್ಮೇಳದವರು ಪಲ್ಲವಿ ಎತ್ತಿಕೊಳ್ಳಬೇಕು; ಹಾಗಾದರೇ ಅದು ಪದ. ಮೇಳದ ಹಿರಿಯ ಬಾಳಾಸಾಬ, ಹೆಂಗಸು ಮುಂದೆ ನಿಂತರೆ ತಾನು ಹಿಂದೆ ಕೂರುವುದಿಲ್ಲವೆಂದು ಆ ಸಂಜೆ ಹಿಮ್ಮೇಳವನ್ನೆಲ್ಲ ಎಬ್ಬಿಸಿಕೊಂಡು ಕೆಳಗೆ ಹೋಗಿ ನಿಂತ. ಉಳಿದವನು ದಪ್ಪು ಬಾರಿಸುವ ಹಾಜಿಮಲಂಗ ಒಬ್ಬನೇ.

"ಹಿಮ್ಮೇಳ ಇಲ್ಲಂದ್ರ ನಿಮ್ಮ ಪಾಳಿ ಬ್ಯಾರೇದವ್ರಿಗಿ ಕೊಡ್ತೇವ್ರಿ. ಮುಂದಿನ ವರ್ಷಾನೂ ಕರಿಯೂದಿಲ್ಲ," ಎಂದರು ಸಂಘಟಕ ರಾವಸಾಹೇಬರು.

"ಐತ್ರಿ ಕಾಕಾ. ಚೀಲದಾಗ ಐತಿ," ಎಂದಳು ಶಬಾನಾ.

ಚೀಲದಿಂದ ಹೊರಬಂದದ್ದು ಇಟ್ಟಿಗೆಯಷ್ಟು ದೊಡ್ಡ ಲೂಪ್ ಪೆಡಲ್. ಕಾಲಿನಿಂದ ಒತ್ತಿ ಹಾಡಿದರೆ ಹಿಡಿದುಕೊಳ್ಳುತ್ತದೆ. ಮತ್ತೆ ಒತ್ತಿದರೆ ಅದನ್ನೇ ತಿರುತಿರುಗಿ ಹಾಡುತ್ತದೆ. ಮೇಲೆ ಇನ್ನೊಂದು ದನಿ ಪೇರಿಸಬಹುದು. ಆದರೆ ಹಿಡಿದದ್ದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಶಬಾನಾ ಒತ್ತಿ ಪಲ್ಲವಿ ಹಾಡಿದಳು. ಕೊನೆಗೆ ಪೆಡಲ್ ಮೇಲೆ ಮತ್ತೆ ಕಾಲು ಊರುವಷ್ಟರಲ್ಲಿ ಮೈಕಿನ ಸನಿಹದ ಗುಂಪಿನಿಂದ ಯಾರೋ ಒದರಿದರು:

"ಕೆಳಗ ಇಳಿ ಬೇ!"

ಪೆಡಲ್ ಅದನ್ನೂ ಹಿಡಿಯಿತು. ಪಲ್ಲವಿ ತಿರುಗಿ ಬಂತು, ಬಾಲಕ್ಕೆ "ಕೆಳಗ ಇಳಿ ಬೇ!" ಸಭೆ ಬಿದ್ದುಬಿದ್ದು ನಕ್ಕಿತು. ಅಳಿಸು ಎಂದು ಸನ್ನೆ ಮಾಡಿದೆ.

"ಅಳಿಸಿದ್ರ ಮತ್ತ ಒದರ್ತಾನ. ಇರ್ಲಿ ಬಿಡು," ಎಂದಳು.

ಮುಂದಿನ ಸುತ್ತಿಗೆ ಆ ದನಿ ಬಂದೊಡನೆ ಅದೇ ಧಾಟಿಯಲ್ಲಿ ಹಾಡಿದಳು: "ಪದಾ ಮುಗದಿಲ್ಲೋ ಅಣ್ಣಾ!" ಮತ್ತೆ ಬಂತು. "ನೀನ ಏರಿ ಬಾರೋ ಅಣ್ಣಾ!" ಮೂರನೆಯ ಸಲ ಜನ ನಕ್ಕದ್ದು ಒದರಿದವನಿಗೆ.

ಆಮೇಲೆ ಪದ ಏರುವ ಹೊತ್ತು. ಹಾಜಿಮಲಂಗನ ಕೈ ಚುರುಕಾಯಿತು. ಪೆಡಲ್ ಮಾತ್ರ ಹಳೆಯ ನಡೆಯಲ್ಲೇ. ನನಗೂ ತಿಳಿಯುವಷ್ಟು ತಾಳ ತಪ್ಪತೊಡಗಿತು. ಶಬಾನಾ ಕಾಲಿನಿಂದ ಅದರ ಬಾಯಿ ಮುಚ್ಚಿಸಿ, ಏರಿದ ಲಯದಲ್ಲಿ ಒಬ್ಬಳೇ ನುಡಿ ಹಾಡಿ, ಪಲ್ಲವಿಯ ಜಾಗ ಖಾಲಿ ಬಿಟ್ಟು ನಿಂತಳು.

ಕೆಳಗಿನಿಂದ ಪಲ್ಲವಿ ಎದ್ದಿತು. ಬಾಳಾಸಾಬನ ಹಿಮ್ಮೇಳದ ಮಲಕಾರಿ!

"ಬಾಯಿ ಮುಚ್ಚಲೇ!" ಬಾಳಾಸಾಬ ಅವನ ಅಂಗಿ ಜಗ್ಗಿದ.

"ಲಯ ಏರೇತಿ ಮಾಮಾ, ಹ್ಯಾಂಗ ಮುಚ್ಚಲಿ?"

ಉಳಿದವರೂ ದನಿಗೂಡಿಸಿದರು. ಶಬಾನಾ ತನ್ನ ಪಾಳಿ ಮುಗಿಸಿಯೇ ಇಳಿದಳು.

"ಮುಂದಿನ ವರ್ಷಾನೂ ಆ ಪೆಟಿಗಿ ತರ್ತೀರೇನ್ರಿ?" ರಾವಸಾಹೇಬರು ಕೇಳಿದರು.

"ನಾ ಬರ್ತೇನ್ರಿ. ಪೆಟಿಗಿದು ಆಮ್ಯಾಲ ನೋಡೂಣು."

ಪೆಡಲಿನಲ್ಲಿ ಕೂತ ಆ "ಕೆಳಗ ಇಳಿ ಬೇ" ದನಿಯನ್ನು ಶಬಾನಾ ಇಂದಿಗೂ ಅಳಿಸಿಲ್ಲ. ಎಷ್ಟೋ ಸಲ ಕಿವಿಗೊಟ್ಟು ಕೇಳಿದ್ದೇನೆ. ಒಮ್ಮೆ ಬಾಳಾಸಾಬನದು ಅನ್ನಿಸುತ್ತದೆ, ಒಮ್ಮೆ ಮಲಕಾರಿಯದೇ ಅನ್ನಿಸುತ್ತದೆ. ಯಾರದೆಂದು ನನಗೆ ಗೊತ್ತಿಲ್ಲ.